ಹಳೆಯ ಅನಿಮೆ, ಹೊಸ ಅನಿಮೆ: ಗುಣಮಟ್ಟದ ವಾದ ಎಲ್ಲಿಗೆ ಬಂದಿದೆ

ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಊರುಗಳಲ್ಲೂ ಅನಿಮೆ ನೋಡುವವರ ಎರಡು ತಲೆಮಾರು ಈಗ ಎದುರುಬದುರಾಗಿ ಕೂತಿವೆ. ಮೂವತ್ತು ದಾಟಿದವರು ‘ಡ್ರ್ಯಾಗನ್ ಬಾಲ್ ಝಡ್’ ದಿನಗಳನ್ನು ನೆನೆದು, ಆ ಚಿತ್ರಕ್ಕಿದ್ದ ಜೀವ ಈಗಿನದಕ್ಕೆ ಇಲ್ಲ ಅನ್ನುತ್ತಾರೆ. ಕಾಲೇಜಿನ ಹುಡುಗರು ಮೊಬೈಲ್ ತೆಗೆದು ‘ಡೀಮನ್ ಸ್ಲೇಯರ್’ನ ಒಂದು ಕಾಳಗ ತೋರಿಸಿ, ನಿಮ್ಮ ಕಾಲದಾಗ ಇಂಥಾದ್ದು ಎಲ್ಲಿತ್ತು ಎಂದು ಕೇಳುತ್ತಾರೆ. ಎರಡೂ ಕಡೆಯವರ ಮಾತಿನಲ್ಲಿ ಪ್ರೀತಿ ಇದೆ, ಕೈಯಲ್ಲಿ ಸಾಕ್ಷಿಯೂ ಇದೆ. ಆದರೆ ‘ಗುಣಮಟ್ಟ’ ಎಂದಾಗ ಒಬ್ಬರು ಗೆರೆ ಬಣ್ಣಗಳನ್ನು, ಇನ್ನೊಬ್ಬರು ಚಲನೆಯನ್ನು, ಮತ್ತೊಬ್ಬರು ಕಥೆಯನ್ನು ಅಳೆಯುತ್ತಿರುತ್ತಾರೆ. ಆದ್ದರಿಂದ ವಾದ ಮುಗಿಯುವುದಿಲ್ಲ. ಯಾರು ಯಾವುದನ್ನು ಅಳೆಯುತ್ತಿದ್ದಾರೆ, ಆ ಅಳತೆಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡಬೇಕಿದೆ.

ನಮ್ಮ ಕಡೆಗೆ ಬಂದ ದಾರಿ

1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬರುತ್ತಿದ್ದ ‘ಜಂಗಲ್ ಬುಕ್’ ಜಪಾನಿನದು ಎಂದು ತಿಳಿದು ನೋಡಿದವರು ಕಡಿಮೆ. ಮೋಗ್ಲಿ ನಮ್ಮ ಕಾಡಿನ ಹುಡುಗ. ಹಿಂದಿಯ ಶೀರ್ಷಿಕೆ ಗೀತೆ ಗುಲ್ಜಾರ್ ಅವರದು, ಸಂಗೀತ ವಿಶಾಲ್ ಭಾರದ್ವಾಜ್ ಅವರದು. ಅದು 1989ರಲ್ಲಿ ನಿಪ್ಪಾನ್ ಅನಿಮೇಶನ್ ಸಂಸ್ಥೆ ಮಾಡಿದ ಧಾರಾವಾಹಿ ಎಂದು ಯಾರಿಗೆ ಹೊಳೆಯಬೇಕು? ಅದೇ ಕಾಲದಲ್ಲಿ ಯೂಗೊ ಸಾಕೊ ಎಂಬ ಜಪಾನೀ ನಿರ್ಮಾಪಕ, ನಮ್ಮ ಅನಿಮೇಶನ್ ಕಲಾವಿದ ರಾಮ್ ಮೋಹನ್ ಅವರ ಜೊತೆಗೂಡಿ ಇಡೀ ರಾಮಾಯಣವನ್ನು ಕೈಯಿಂದ ಬರೆಸಿ ಸಿನಿಮಾ ಮಾಡಿದ್ದರು.

ಆಮೇಲೆ ಕೇಬಲ್ ಬಂತು. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಡ್ರ್ಯಾಗನ್ ಬಾಲ್, 2003ರಲ್ಲಿ ಪೋಕೆಮಾನ್. ಹಂಗಾಮಾ ಟಿವಿಯಲ್ಲಿ 2005ರಿಂದ ಡೋರೇಮಾನ್, ಮರುವರ್ಷ ಶಿನ್‌ಚಾನ್. ನಮ್ಮ ಕಡೆ ಇವೆಲ್ಲ ಹೆಚ್ಚಾಗಿ ಕೇಳಿಸಿದ್ದು ಹಿಂದಿಯಲ್ಲಿ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಯಲ್ಲಿ ದಖ್ಖನಿ ಮಾತು ಓಣಿಯ ಮಾತೇ ಆಗಿತ್ತು. ಆದ್ದರಿಂದ ಡೋರೇಮಾನ್‌ನ ಹುಡುಗ ನೊಬಿತಾನ ಹಿಂದಿ ಇಲ್ಲಿನ ಮಕ್ಕಳಿಗೆ ಅಷ್ಟೇನೂ ಪರಕೀಯ ಅನಿಸಲಿಲ್ಲ.

ಇಲ್ಲೊಂದು ಸಂಗತಿ ಗಮನಿಸಬೇಕು. ‘ಡ್ರ್ಯಾಗನ್ ಬಾಲ್ ಝಡ್’ ಜಪಾನಿನಲ್ಲಿ ಶುರುವಾದದ್ದು 1989ರಲ್ಲಿ, ಮುಗಿದದ್ದು 1996ರಲ್ಲಿ. ನಮ್ಮ ಟಿವಿಗೆ ಬರುವ ಹೊತ್ತಿಗೆ ಅದು ಅಲ್ಲಿ ಹಳೆಯದಾಗಿತ್ತು, ಜಗತ್ತಿನ ಅನೇಕ ದೇಶಗಳಲ್ಲಿ ಗೆದ್ದಿತ್ತು. ಸೋತವು ಸಮುದ್ರ ದಾಟಲೇ ಇಲ್ಲ. ನಾವು ‘ಹಳೆಯ ಅನಿಮೆ’ ಎಂದು ನೆನೆಯುವುದು ಹಾಗೆ ಯಾರೋ ಆರಿಸಿ ಕಳಿಸಿದ್ದನ್ನು.

ಕಡಿಮೆ ಚಿತ್ರ, ಹೆಚ್ಚು ಕಥೆ

ಜಪಾನಿನಲ್ಲಿ ಮೊದಲ ಅನಿಮೇಶನ್‌ಗಳು ತೆರೆಗೆ ಬಂದದ್ದು 1917ರಲ್ಲಿ. 1956ರಲ್ಲಿ ತೊಯೇಯಿ ದೋಗಾ ಸಂಸ್ಥೆ ಹುಟ್ಟಿತು. 1958ರಲ್ಲಿ ಅದು ‘ಹಕುಜಾದೆನ್’ ಎಂಬ ಪೂರ್ಣಪ್ರಮಾಣದ ವರ್ಣಚಿತ್ರ ಮಾಡಿತು. ಡಿಸ್ನಿಯ ಹಾಗೆ ಮೈತುಂಬ ಚಲನೆ ಇರುವ ಸಿನಿಮಾ ಮಾಡಬೇಕೆಂಬುದು ಆಗಿನ ಆಸೆ.

ದಿಕ್ಕು ತಿರುಗಿದ್ದು 1963ರ ಜನವರಿ 1ರಂದು. ಒಸಾಮು ತೆಝುಕಾ ಅವರ ‘ತೆತ್ಸುವಾನ್ ಆಟಮ್’ ಅಂದು ಟಿವಿಯಲ್ಲಿ ಆರಂಭವಾಯಿತು. ವಾರಕ್ಕೊಂದು ಅರ್ಧ ಗಂಟೆಯ ಕಂತು ಒಪ್ಪಿಸಬೇಕು, ದುಡ್ಡು ಮಾತ್ರ ಕಡಿಮೆ. ಸಿನಿಮಾದ ಫಿಲ್ಮು ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ತೆಝುಕಾ ತಂಡ ಒಂದೊಂದು ಚಿತ್ರವನ್ನು ಮೂರು ಚೌಕಟ್ಟಿಗೆ ನಿಲ್ಲಿಸಿತು. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ ಎಂಟು ಚಿತ್ರ. ಮಾತಾಡುವಾಗ ಬಾಯಿ ಮಾತ್ರ ಅಲುಗುತ್ತದೆ. ಒಮ್ಮೆ ಬರೆದ ಓಟ, ಹಾರಾಟಗಳನ್ನು ಜೋಪಾನವಾಗಿ ತೆಗೆದಿಟ್ಟು ಮತ್ತೆ ಮತ್ತೆ ಬಳಸುತ್ತಿದ್ದರು.

ಇದನ್ನು ಬಡತನ ಎಂದು ಕಡೆಗಣಿಸುವವರು ನಮ್ಮ ತೊಗಲುಗೊಂಬೆಯನ್ನು ನೆನೆಯಬೇಕು. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದದ್ದು ಆ ಕಲೆಗಾಗಿಯೇ. ಗೊಂಬೆಯ ಒಂದು ಕೈ ಅಲುಗಿದರೆ ಸಾಕು, ಉಳಿದದ್ದನ್ನು ದನಿ, ಹಾಡು, ಬೆಳಕು ತುಂಬಿಕೊಡುತ್ತವೆ. ನೋಡುವವರ ಕಣ್ಣೆದುರು ಯುದ್ಧವೇ ನಡೆಯುತ್ತದೆ. ಜಪಾನಿನ ಟಿವಿ ಅನಿಮೆ ಹಿಡಿದದ್ದೂ ಇದೇ ಜಾಡು. ನಿಂತ ಚಿತ್ರವನ್ನು ಹೇಗೆ ನಿಲ್ಲಿಸಬೇಕು, ಕ್ಯಾಮೆರಾವನ್ನು ಅದರ ಮೇಲೆ ಹೇಗೆ ಜಾರಿಸಬೇಕು, ಮೌನವನ್ನು ಎಷ್ಟು ಹೊತ್ತು ಹಿಡಿಯಬೇಕು ಎಂಬ ವಿದ್ಯೆ ಅಲ್ಲಿ ಬೆಳೆಯಿತು. ಹಾಗಾಗಿ ಸೆಕೆಂಡಿಗೆ ಎಷ್ಟು ಚಿತ್ರ ಎಂದು ಎಣಿಸಿ ಗುಣ ಹೇಳುವ ಅಳತೆಯನ್ನು ನಾನು ಒಪ್ಪಲಾರೆ.

ಆದರೆ ತೆಝುಕಾ ದಾರಿಗೆ ತೆತ್ತ ಬೆಲೆಯೂ ದೊಡ್ಡದು. 1989ರಲ್ಲಿ ಅವರು ತೀರಿಕೊಂಡಾಗ, ಕಡಿಮೆ ದುಡ್ಡಿಗೆ ಅನಿಮೆ ಒಪ್ಪಿಸುವ ರೂಢಿ ಬಿದ್ದದ್ದು ಅವರಿಂದಲೇ ಎಂದು ನಿರ್ದೇಶಕ ಹಯಾವೊ ಮಿಯಾಝಾಕಿ ಬಹಿರಂಗವಾಗಿ ಬರೆದರು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಕೈಬರಹದ ಪಕ್ಷ

ಹಳೆಯದೇ ಮೇಲು ಎನ್ನುವವರ ಗಟ್ಟಿ ಆಧಾರ ‘ಸೆಲ್’. ಪಾರದರ್ಶಕ ಹಾಳೆಯ ಮುಂಬದಿಗೆ ಗೆರೆ, ಹಿಂಬದಿಗೆ ಬಣ್ಣ. ಅದನ್ನು ಬಣ್ಣದ ಕುಂಚದಲ್ಲಿ ಬರೆದ ಹಿನ್ನೆಲೆಯ ಮೇಲಿಟ್ಟು, ಮೇಲಿನಿಂದ ಕ್ಯಾಮೆರಾದಲ್ಲಿ ಒಂದೊಂದೇ ಚೌಕಟ್ಟು ಹಿಡಿಯುತ್ತಿದ್ದರು. ಫಿಲ್ಮಿನ ಕಣ, ಹಾಳೆಗಳ ನಡುವಿನ ಸಣ್ಣ ನೆರಳು, ದೀಪದ ಹಿಂಬೆಳಕು ಎಲ್ಲ ಸೇರಿ ಆ ಚಿತ್ರಕ್ಕೊಂದು ಮೈ ಬರುತ್ತಿತ್ತು.

ಈ ಪಕ್ಷ ಮೊದಲು ಹೆಸರಿಸುವುದು ಕತ್ಸುಹಿರೊ ಒತೊಮೊ ಅವರ ‘ಅಕಿರಾ’ವನ್ನು. 1988ರ ಆ ಸಿನಿಮಾಕ್ಕೆ 1,60,000ದಷ್ಟು ಸೆಲ್ ಬೇಕಾದವು, 327 ಬಣ್ಣಗಳನ್ನು ಬಳಸಿದರು. ಮಾತನ್ನು ಮೊದಲೇ ಧ್ವನಿಮುದ್ರಿಸಿ ತುಟಿಯ ಚಲನೆಯನ್ನು ಅದಕ್ಕೆ ಹೊಂದಿಸಿ ಬರೆದದ್ದು ಜಪಾನಿನ ಮಟ್ಟಿಗೆ ಅಪರೂಪ. ಅದೇ ವರ್ಷ ಗಿಬ್ಲಿ ಸ್ಟುಡಿಯೋದಿಂದ ‘ಟೊಟೊರೊ’ವೂ ಇಸಾವೊ ತಕಹಾತಾರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಕೂಡ ಬಂದವು. 1997ರ ‘ಪ್ರಿನ್ಸೆಸ್ ಮೊನೊನೊಕೆ’ಯ ಸುಮಾರು 1,44,000 ಸೆಲ್‌ಗಳ ಪೈಕಿ ಎಂಬತ್ತು ಸಾವಿರದಷ್ಟನ್ನು ಮಿಯಾಝಾಕಿ ಸ್ವತಃ ತಿದ್ದಿದರು ಎಂದು ದಾಖಲಾಗಿದೆ.

ಈ ಪಕ್ಷಕ್ಕೆ ಇನ್ನೊಂದು ಬಲವಾದ ಸಾಕ್ಷಿಯುಂಟು, ಹೆಚ್ಚಿನವರು ಅದನ್ನು ಹೇಳುವುದಿಲ್ಲ. ಫಿಲ್ಮಿನಲ್ಲಿ ಹಿಡಿದದ್ದನ್ನು ಇವತ್ತು ಮತ್ತೆ ಸ್ಕ್ಯಾನ್ ಮಾಡಿದರೆ ದೊಡ್ಡ ತೆರೆಗೂ ಸಾಲುವಷ್ಟು ವಿವರ ಸಿಗುತ್ತದೆ. 2000ದ ಆಸುಪಾಸಿನಲ್ಲಿ ನೇರವಾಗಿ ಕಂಪ್ಯೂಟರಿನಲ್ಲಿ, ಆಗಿನ ಟಿವಿಯ ಸಣ್ಣ ಅಳತೆಗೆ ಮಾಡಿದವುಗಳಿಗೆ ಆ ಭಾಗ್ಯವಿಲ್ಲ, ಹಿಗ್ಗಿಸಿದರೆ ಮಸುಕಾಗುತ್ತವೆ. 1995ರ ಧಾರಾವಾಹಿ 2003ರದ್ದಕ್ಕಿಂತ ಇಂದಿನ ಟಿವಿಯಲ್ಲಿ ಚೆಂದ ಕಾಣುವುದು ಇದರಿಂದಲೇ. ಹಾಗೆಂದು ಇದು ಸೆಲ್ ಕಾಲದ ಗೆಲುವನ್ನು ತೋರಿಸುವುದಕ್ಕಿಂತ ಹೆಚ್ಚಾಗಿ, ಡಿಜಿಟಲ್ ಕಾಲದ ಮೊದಲ ಕೆಲವು ವರ್ಷಗಳ ಸೋಲನ್ನು ತೋರಿಸುತ್ತದೆ.

ತಂತ್ರ ಬೆಳೆದಿದೆ ಎನ್ನುವವರು

ಎದುರು ಪಕ್ಷ ಹೇಳುವುದು ಸರಳ. ಕೈಯಿಂದ ಆಗದ್ದು ಈಗ ಆಗುತ್ತಿದೆ. 2002ರಲ್ಲಿ ಮಕೊಟೊ ಶಿಂಕಾಯ್ ಮನೆಯ ಕಂಪ್ಯೂಟರಿನಲ್ಲಿ ಬಹುಪಾಲು ಒಬ್ಬರೇ ಕೂತು ಒಂದು ಕಿರುಚಿತ್ರ ಮಾಡಿ ತೋರಿಸಿದರು. ಸೆಲ್ ಕಾಲದಲ್ಲಿ ಅದು ಕನಸಿನ ಮಾತು. ಮಳೆ, ನೀರು, ಸಂಜೆಯ ಬಿಸಿಲನ್ನು ಅವರ ಮುಂದಿನ ಚಿತ್ರಗಳು ತೋರಿಸಿದ ಬಗೆಯನ್ನು ಹಳೆಯ ಕ್ಯಾಮೆರಾ ಹಿಡಿಯಲಾರದು. ‘ಡೀಮನ್ ಸ್ಲೇಯರ್’ನಲ್ಲಿ ಯೂಫೊಟೇಬಲ್ ಸಂಸ್ಥೆ ಕೈಬರಹದ ಪಾತ್ರಗಳನ್ನು ಮೂರು ಆಯಾಮದ ಹಿನ್ನೆಲೆಯೊಳಗೆ ಓಡಾಡಿಸಿತು. 2020ರ ಅದರ ‘ಮುಗೆನ್ ಟ್ರೈನ್’ ಸಿನಿಮಾ ‘ಸ್ಪಿರಿಟೆಡ್ ಅವೇ’ಯನ್ನು ಹಿಂದಿಕ್ಕಿ ಜಪಾನಿನ ಅತಿ ಹೆಚ್ಚು ಗಳಿಕೆಯ ಚಿತ್ರವಾಯಿತು. 2022ರ ‘ದ ಫಸ್ಟ್ ಸ್ಲ್ಯಾಮ್ ಡಂಕ್’ ಕಂಪ್ಯೂಟರ್ ಗೊಂಬೆಗಳಿಗೂ ಮಾಂಗಾದ, ಅಂದರೆ ಜಪಾನೀ ಚಿತ್ರಕಥಾ ಪುಸ್ತಕದ, ಗೆರೆಯ ಬಿಗಿ ತರಬಹುದೆಂದು ತೋರಿಸಿತು.

ಕಥೆಯ ಮಾತಿಗೂ ಇವರಲ್ಲಿ ಉತ್ತರವಿದೆ. ಹಳೆಯ ಧಾರಾವಾಹಿಗಳು ವರ್ಷಪೂರ್ತಿ ಓಡುತ್ತಿದ್ದವು. ಮೂಲ ಮಾಂಗಾ ಮುಂದೆ ಹೋಗುವವರೆಗೆ ಕಥೆಯನ್ನು ಎಳೆಯಬೇಕಿತ್ತು. ‘ಡ್ರ್ಯಾಗನ್ ಬಾಲ್ ಝಡ್’ನ 291 ಕಂತುಗಳಲ್ಲಿ ನಾಯಕ ಶಕ್ತಿ ಕೂಡಿಸಿಕೊಳ್ಳುತ್ತ ನಿಂತ ಹೊತ್ತೆಷ್ಟು ಎಂಬುದು ಅದನ್ನು ಪ್ರೀತಿಸಿದವರಿಗೆ ಚೆನ್ನಾಗಿ ಗೊತ್ತು. 2009ರಲ್ಲಿ ಅದನ್ನು ಮಾಡಿದ ಸಂಸ್ಥೆಯೇ ಅದನ್ನು ಕತ್ತರಿಸಿ ‘ಕಾಯ್’ ಎಂಬ ಹೆಸರಲ್ಲಿ ಮತ್ತೆ ಕೊಡಬೇಕಾಯಿತು. ಈಗಿನವು 12–13 ಕಂತುಗಳ ಸರಣಿಯಾಗಿ ಬರುವುದರಿಂದ ಎಳೆದಾಟ ಕಡಿಮೆ. ಇದಕ್ಕೆ ಹಳೆಯ ಪಕ್ಷದ ಮರುಮಾತೂ ಸುಳ್ಳಲ್ಲ: 1974ರ ‘ಹೈದಿ’ಗೆ 52 ಕಂತು ಸಿಕ್ಕಿದ್ದರಿಂದಲೇ ತಕಹಾತಾ ಒಂದು ಹುಡುಗಿ ರೊಟ್ಟಿಯ ಮೇಲೆ ಗಿಣ್ಣು ಕರಗಿಸಿ ತಿನ್ನುವುದನ್ನು ಅವಸರವಿಲ್ಲದೆ ತೋರಿಸಬಲ್ಲವರಾದರು. ಆ ನಿಧಾನ 12 ಕಂತಿನಲ್ಲಿ ಸಿಗುವುದು ಕಷ್ಟ.

ಒಂದೇ ಕಥೆ, ಎರಡು ಕಾಲ

ಎರಡು ಪಕ್ಷಗಳನ್ನೂ ಒರೆಗೆ ಹಚ್ಚಲು ಒಳ್ಳೆಯ ದಾರಿಯೆಂದರೆ, ಎರಡು ಸಲ ತಯಾರಾದ ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು. 

‘ಬರ್ಸರ್ಕ್’ 1997ರಲ್ಲಿ ಕಡಿಮೆ ಚಲನೆಯಲ್ಲಿ, ನಿಂತ ಚಿತ್ರಗಳಲ್ಲಿ ಬಂತು. 2016ರಲ್ಲಿ ಕಂಪ್ಯೂಟರ್ ಪಾತ್ರಗಳೊಂದಿಗೆ ಬಂತು. ಹೊಸದನ್ನು ಮೆಚ್ಚಿದವರು ವಿರಳ. ಇಷ್ಟಕ್ಕೇ ನಿಂತರೆ ಹಳೆಯದು ಗೆದ್ದಂತೆ. ಆದರೆ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ 2003ರಲ್ಲಿ ಬಂದಾಗ ಮೂಲ ಮಾಂಗಾ ಮುಗಿದಿರಲಿಲ್ಲ, ಕೊನೆಯನ್ನು ಬೇರೆಯೇ ಕಟ್ಟಿದರು. 2009ರ ‘ಬ್ರದರ್‌ಹುಡ್’ ಮೂಲಕ್ಕೆ ನಿಷ್ಠವಾಗಿ 64 ಕಂತುಗಳಲ್ಲಿ ಮುಗಿಸಿತು. ಅಲ್ಲಿ ಹೆಚ್ಚು ಜನ ಹೊಸದರ ಕಡೆಗಿದ್ದಾರೆ. ಮೊದಲನೆಯದರ ದುಃಖ ಹೆಚ್ಚು ಆಳದ್ದು ಎನ್ನುವವರೂ ಇದ್ದಾರೆ. ನನ್ನ ಮನಸ್ಸೂ ಆ ಕಡೆಗೇ ವಾಲುತ್ತದೆ. ‘ಸೇಲರ್ ಮೂನ್’ ಇನ್ನೂ ಸ್ಪಷ್ಟ ಉದಾಹರಣೆ. 2014ರ ‘ಕ್ರಿಸ್ಟಲ್’ನ ಮೊದಲ ಕಂತುಗಳ ಮುಖಗಳು ವಕ್ರವಾಗಿದ್ದು ಟೀಕೆಗೆ ಗುರಿಯಾದವು, ಡಿಸ್ಕ್‌ಗೆ ಬರುವಾಗ ಅವನ್ನು ತಿದ್ದಿದರು, 2016ರಲ್ಲಿ ನಿರ್ದೇಶಕರೂ ಪಾತ್ರವಿನ್ಯಾಸಕರೂ ಬದಲಾದ ಮೇಲೆ ಅದೇ ಸರಣಿಗೆ ಕಳೆ ಬಂತು. ಕಾಲವೂ ಅದೇ, ತಂತ್ರವೂ ಅದೇ. ಬದಲಾದದ್ದು ಮಾಡುವ ಜನ, ಅವರ ಕೆಲಸದ ಬಗೆ.

ದಿನ, ದುಡ್ಡು, ಕೈ

ಇಲ್ಲಿಂದ ಮೂರನೆಯ ಪಂಥ ಶುರುವಾಗುತ್ತದೆ, ನಾನು ನಿಲ್ಲುವುದೂ ಇಲ್ಲೇ. ಅನಿಮೆಯ ಗುಣವನ್ನು ವರ್ಷ ನಿರ್ಧರಿಸುವುದಿಲ್ಲ. ಬರೆಯುವವರಿಗೆ ಸಿಕ್ಕ ದಿನಗಳು ನಿರ್ಧರಿಸುತ್ತವೆ.

‘ನಿಯಾನ್ ಜೆನೆಸಿಸ್ ಇವಾಂಜೆಲಿಯನ್’ ನೋಡಿ. 1995ರ ಅಕ್ಟೋಬರಿನಲ್ಲಿ ಆರಂಭವಾಗಿ 1996ರ ಮಾರ್ಚಿನಲ್ಲಿ ಮುಗಿದ 26 ಕಂತುಗಳಲ್ಲಿ ಕೊನೆಯ ಎರಡಕ್ಕೆ ಬರುವಷ್ಟರಲ್ಲಿ ವೇಳೆ ತೀರಿತ್ತು. ನಿಂತ ಚಿತ್ರ, ಕರಡು ಗೆರೆ, ಅಕ್ಷರಗಳಲ್ಲಿ ಅವನ್ನು ಮುಗಿಸಿದರು. ಅಭಿಮಾನಿಗಳು ಸಿಟ್ಟಾದರು, 1997ರಲ್ಲಿ ಸಿನಿಮಾವಾಗಿ ಇನ್ನೊಂದು ಕೊನೆ ಬಂತು. ಸುವರ್ಣಯುಗ ಎಂದು ನಾವು ಕರೆಯುವ ಕಾಲದಲ್ಲೂ ಅವಸರ ಇತ್ತು. 2023ರಲ್ಲಿ ‘ಜುಜುತ್ಸು ಕೈಸೆನ್’ ಎರಡನೇ ಭಾಗ ಪ್ರಸಾರವಾಗುತ್ತಿದ್ದಾಗ, ಅದರಲ್ಲಿ ದುಡಿಯುತ್ತಿದ್ದ ಚಿತ್ರಕಾರರೇ ಜಾಲತಾಣಗಳಲ್ಲಿ ವೇಳೆ ಸಾಲದ ಸಂಕಟ ಹೇಳಿಕೊಂಡರು. ಕೆಲವು ಕಂತುಗಳಲ್ಲಿ ಬೆರಗಾಗುವಂಥ ಚಲನೆ, ಕೆಲವೆಡೆ ಅರೆಬೆಂದ ದೃಶ್ಯ. ಎರಡೂ ಒಂದೇ ತಿಂಗಳ ಕೆಲಸ.

ಕೆಲಸ ಹಂಚುವ ಬಗೆ ತಿಳಿದರೆ ಇದು ಅರ್ಥವಾಗುತ್ತದೆ. ಅನುಭವಿಗಳು ಚಲನೆಯ ಮುಖ್ಯ ಚಿತ್ರ ಬರೆಯುತ್ತಾರೆ. ಕಿರಿಯರು ಅವುಗಳ ನಡುವಿನ ಚಿತ್ರ ತುಂಬುತ್ತಾರೆ. ಹೆಚ್ಚಿನ ಕಡೆ ಕೂಲಿ ಚಿತ್ರಕ್ಕಿಷ್ಟು ಎಂಬ ಲೆಕ್ಕ. ಜಪಾನಿನ ಅನಿಮೇಟರುಗಳ ಸಂಘದ 2015ರ ವರದಿಯ ಪ್ರಕಾರ ನಡುವಿನ ಚಿತ್ರ ಬರೆಯುವವರ ವಾರ್ಷಿಕ ಆದಾಯ ಸರಾಸರಿ 11 ಲಕ್ಷ ಯೆನ್ ಆಸುಪಾಸು. ಟೋಕಿಯೋದಲ್ಲಿ ಅಷ್ಟರಲ್ಲಿ ಬದುಕುವುದು ಕಷ್ಟ. 1970ರ ದಶಕದಿಂದಲೇ ಈ ಕೆಲಸದ ಒಂದು ಪಾಲು ಕೊರಿಯಾಕ್ಕೆ, ಮುಂದೆ ಫಿಲಿಪೀನ್ಸ್, ಚೀನಾಗಳಿಗೆ ಹೋಯಿತು. ಜಪಾನಿನೊಳಗೆ ಕಿರಿಯರು ಕಲಿತು ಹಿರಿಯರಾಗುವ ಮೆಟ್ಟಿಲೇ ಸವೆಯಿತು. ಇತ್ತ ವರ್ಷಕ್ಕೆ ತಯಾರಾಗುವ ಟಿವಿ ಅನಿಮೆಗಳ ಸಂಖ್ಯೆ 300 ದಾಟಿದೆ. 2023ರಲ್ಲಿ ಅನಿಮೆಯ ಜಾಗತಿಕ ಮಾರುಕಟ್ಟೆ 3.3 ಲಕ್ಷ ಕೋಟಿ ಯೆನ್ ಮೀರಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಹೊರದೇಶಗಳಿಂದ. ಆ ಹಣದ ಹೆಚ್ಚಿನ ಪಾಲು ಪ್ರಕಾಶಕರು, ಟಿವಿ, ಆಟಿಕೆ ಕಂಪನಿಗಳು ಕೂಡಿ ಮಾಡಿಕೊಳ್ಳುವ ನಿರ್ಮಾಣ ಸಮಿತಿಗೆ ಸೇರುತ್ತದೆ. ಸ್ಟುಡಿಯೋಗೆ ಸಿಗುವುದು ಬಹುತೇಕ ಒಪ್ಪಂದದ ಮೊತ್ತವಷ್ಟೆ. 2024ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರ ತಂಡ ಜಪಾನಿನ ಬಗ್ಗೆ ಕೊಟ್ಟ ವರದಿಯಲ್ಲಿ ಅನಿಮೆ ದುಡಿಮೆಗಾರರ ಕಡಿಮೆ ಕೂಲಿ, ವಿಪರೀತ ಗಂಟೆಗಳ ಪ್ರಸ್ತಾಪವಿದೆ.

ಬೇರೆ ದಾರಿ ಇದೆ ಎಂದು ತೋರಿಸಿದ್ದು ಕ್ಯೋಟೊ ಅನಿಮೇಶನ್. ಹಿಂದೆ ತೆಝುಕಾ ಸಂಸ್ಥೆಯಲ್ಲಿ ಸೆಲ್‌ಗೆ ಬಣ್ಣ ಹಚ್ಚುತ್ತಿದ್ದ ಯೊಕೊ ಹತ್ತಾ, ನೆರೆಮನೆಯ ಗೃಹಿಣಿಯರಿಗೆ ಆ ಕೆಲಸ ಕಲಿಸಿ ಶುರುಮಾಡಿದ ಗುಂಪು ಅದು. ಚಿತ್ರಕ್ಕಿಷ್ಟು ಎಂಬ ಕೂಲಿಯ ಬದಲು ಸಂಬಳ ಕೊಟ್ಟು, ತನ್ನದೇ ಶಾಲೆಯಲ್ಲಿ ಕಲಿಸಿ, ಕಡಿಮೆ ಚಿತ್ರ ಮಾಡಿದರು. 2018ರ ‘ವಯಲೆಟ್ ಎವರ್‌ಗಾರ್ಡನ್’ನ ಬೆರಳುಗಳ ಚಲನೆಯಲ್ಲಿ ಆ ನೆಮ್ಮದಿಯ ಕೆಲಸ ಕಾಣುತ್ತದೆ. 2019ರ ಜುಲೈ 18ರಂದು ಒಬ್ಬ ಹಚ್ಚಿದ ಬೆಂಕಿಗೆ ಅಲ್ಲಿನ 36 ಮಂದಿ ಬಲಿಯಾದರು. ಅನಿಮೆಯನ್ನು ಪ್ರೀತಿಸುವವರು ಆ ದಿನವನ್ನು ಮರೆಯಬಾರದು. ಸಂಸ್ಥೆ ಮತ್ತೆ ಎದ್ದು ನಿಂತಿದೆ.

ಕನ್ನಡದ ದನಿ ಎಲ್ಲಿ?

ಗುಣಮಟ್ಟದ ಚರ್ಚೆಯಲ್ಲಿ ಚಿತ್ರ, ಕಥೆಗಳಷ್ಟೇ ಬರುತ್ತವೆ, ಕಿವಿಗೆ ಬೀಳುವ ಭಾಷೆ ಬರುವುದಿಲ್ಲ. ನಮ್ಮ ಮೂರು ಊರುಗಳಿಗೆ ಇದು ದೊಡ್ಡ ಪ್ರಶ್ನೆ. 1960ರ ದಶಕದಿಂದ ಕರ್ನಾಟಕದಲ್ಲಿ ಡಬ್ಬಿಂಗ್‌ಗೆ ವಿರೋಧವಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಟ್ಟಿತು. ನಡುವೆ 2009ರಲ್ಲಿ ಬಂದ ಚಿಂಟು ಟಿವಿಯಲ್ಲಿ ಹೊರಗಿನ ಕಾರ್ಟೂನುಗಳು ಕನ್ನಡ ಮಾತಾಡಿದವು. ಅನಿಮೆಯ ಹೊಸ ಅಲೆ ಬಂದಾಗ ಮಾತ್ರ ನಾವು ಹಿಂದೆ ಬಿದ್ದೆವು. 2025ರ ಜನವರಿಯಲ್ಲಿ ಸಾಕೊ ಅವರ ರಾಮಾಯಣ ಚಿತ್ರಮಂದಿರಕ್ಕೆ ಮರಳಿ ಬಂದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಅದೇ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಜಪಾನೀಸ್ ಜೊತೆಗೆ ಇವೇ ಭಾಷೆಗಳಲ್ಲಿ ಬಂತು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಸಿಂಧನೂರಿನ ಕ್ಯಾಂಪ್‌ಗಳ ಮಕ್ಕಳಿಗೆ ತೆಲುಗು ಡಬ್ಬಿಂಗ್ ಮನೆಮಾತು. ಮಸ್ಕಿಯ ಕನ್ನಡದ ಹುಡುಗಿಗೆ ಅದೂ ಎರಡನೆಯದೇ. ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳ ಬಂಗಾಳಿ ಮಕ್ಕಳಿಗೆ ಮೂರನೆಯದು. ಒಂದೇ ಚಿತ್ರ ಒಂದೇ ಜಿಲ್ಲೆಯಲ್ಲಿ ಬೇರೆ ಬೇರೆ ಗುಣದ್ದಾಗಿ ಕೇಳಿಸುತ್ತದೆ. ಮಾರುಕಟ್ಟೆ ಇಲ್ಲ ಎಂಬ ಮಾತು ಒಪ್ಪುವಂಥದ್ದಲ್ಲ: 2025ರ ಜುಲೈನಲ್ಲಿ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಅನಿಮೇಶನ್ ಚಿತ್ರ ‘ಮಹಾವತಾರ ನರಸಿಂಹ’ ಕನ್ನಡದಲ್ಲೂ ತೆರೆಕಂಡಿತು.

ತೀರದೆ ಉಳಿದದ್ದು

ಕೆಲವು ಪ್ರಶ್ನೆಗಳಿಗೆ ಯಾವ ಪಕ್ಷದಲ್ಲೂ ಉತ್ತರವಿಲ್ಲ. ಹಳೆಯ ಫಿಲ್ಮನ್ನು ಶುಚಿಮಾಡುವಾಗ ಕಣಗಳನ್ನೆಲ್ಲ ಒರೆಸಿ, ಬಣ್ಣ ಏರಿಸಿ ಕೊಟ್ಟದ್ದನ್ನು ಹಳೆಯ ಅನಿಮೆ ಎನ್ನಬೇಕೋ ಹೊಸದೋ? ಕ್ಯೋಟೊದ ಸಂಬಳದ ಪದ್ಧತಿ ವರ್ಷಕ್ಕೆ 300 ಧಾರಾವಾಹಿ ಬೇಡುವ ಮಾರುಕಟ್ಟೆಯಲ್ಲಿ ಎಲ್ಲರಿಗೂ ಸಾಧ್ಯವೇ? 2023ರಲ್ಲಿ ನೆಟ್‌ಫ್ಲಿಕ್ಸ್ ಜಪಾನ್ ಒಂದು ಕಿರುಚಿತ್ರದ ಹಿನ್ನೆಲೆಗಳನ್ನು ಕೃತಕ ಬುದ್ಧಿಮತ್ತೆಯಿಂದ ಮಾಡಿಸಿ, ಕೆಲಸಗಾರರ ಕೊರತೆಯನ್ನು ಕಾರಣವಾಗಿ ಕೊಟ್ಟಾಗ ಚಿತ್ರಕಾರರು ಸಿಡಿದೆದ್ದರು. ಕೊರತೆ ಇರುವುದು ಕೆಲಸಗಾರರದೋ ಕೂಲಿಯದೋ ಎಂಬುದು ಅವರ ಪ್ರಶ್ನೆಯಾಗಿತ್ತು. ಇದಕ್ಕೆ ಬರುವ ಉತ್ತರದ ಮೇಲೆ ಮುಂದಿನ ಇಪ್ಪತ್ತು ವರ್ಷಗಳ ಅನಿಮೆ ನಿಂತಿದೆ.

ಕನ್ನಡದ ದನಿಯ ಪ್ರಶ್ನೆ ಮಾತ್ರ ನಮ್ಮ ಕೈಯಲ್ಲೇ ಇದೆ. 2019ರಲ್ಲಿ ಶಿಂಕಾಯ್ ಅವರ ‘ವೆದರಿಂಗ್ ವಿತ್ ಯು’ ಭಾರತದ ಚಿತ್ರಮಂದಿರಗಳಿಗೆ ಬಂದದ್ದು ಅಭಿಮಾನಿಗಳು ಸಹಿ ಸಂಗ್ರಹಿಸಿ ಕೇಳಿದ್ದರಿಂದ. ಹಳೆಯದರ ಪಕ್ಷವಿರಲಿ, ಹೊಸದರ ಪಕ್ಷವಿರಲಿ, ಸಿಂಧನೂರು, ಲಿಂಗಸುಗೂರು, ಮಸ್ಕಿಯ ಅನಿಮೆ ಪ್ರಿಯರು ಮುಂದಿನ ಚಿತ್ರ ಕನ್ನಡದಲ್ಲೂ ಬೇಕೆಂದು ವಿತರಕರಿಗೆ ಈಗಲೇ ಬರೆಯಲಿ.